ಉಸಿರು ತೆಗೆಯದ ನೀರು

ಹೋದ ವಾರ ನಮ್ಮ ಮನೆಯ ಗೀಜರ್ ಸೋರತೊಡಗಿತು. ರಿಪೇರಿಯ ಹುಡುಗ ಬಂದು ಅದನ್ನು ಗೋಡೆಯಿಂದ ಇಳಿಸಿ, ಬಚ್ಚಲಲ್ಲೇ ಮಗುಚಿ, ಒಳಗಿನ ಉಕ್ಕಿನ ಟಾಕಿ ಬಿಚ್ಚಿದ. ಉಳಿದಿದ್ದ ಬಿಸಿನೀರಿನ ಜೊತೆ ಆ ವಾಸನೆ ಬಂತು... ಬೆಂದ ತುಕ್ಕಿನ ವಾಸನೆ, ನೆತ್ತರಿಗೆ ತೀರ ಹತ್ತಿರದ್ದು. ಟಾಕಿಯ ಒಳಮೈ ತುಂಬ ಸಿಡುಬಿನ ಕಲೆಯಂಥ ತಗ್ಗುಗಳು. “ನೀರಿನ ತಪ್ಪಲ್ರಿ ಸರ. ನಿಮ್ಮಲ್ಲಿ ಫಿಲ್ಟರ್ ನೀರು ಬರ್ತೈತಿ, ಕನ್ನಡಿ ಇದ್ದಂಗ ಐತಿ” ಎಂದ. ಎಲ್ಲಿತ್ತೋ ಸಿಟ್ಟು, “ಗೊತ್ತಿಲ್ಲದ್ದು ಮಾತಾಡಬ್ಯಾಡ!” ಎಂದು ಗದರಿಬಿಟ್ಟೆ. ಹುಡುಗ ನಟ್ಟು ಬಿಚ್ಚುವ ಪಾನಾ ಕೈಯಲ್ಲಿ ಹಿಡಿದು ಮಿಕಿಮಿಕಿ ನೋಡಿದ. ಪಾಪ, ಅವನ ವಯಸ್ಸಿನಲ್ಲಿ ನಾನೂ ಇದೇ ಮಾತನ್ನೇ ಹೇಳಿದ್ದೆ. ನಾನು ಹೇಳಿದ್ದನ್ನು ಜನ ನಂಬಿದ್ದರು, ಅಷ್ಟೇ ವ್ಯತ್ಯಾಸ.

ರಾಜ್ಯ ಒಂದಾಗಿ ಎರಡೋ ಮೂರೋ ವರ್ಷ ಕಳೆದಿತ್ತು. ಬಾಗೇವಾಡಿಯಲ್ಲಿ ಹುಟ್ಟಿ ಬೆಳೆದ ನಾನು ಇಂಡಿ ಊರಿನ ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಬಂದಿದ್ದೆ. ಇಪ್ಪತ್ಮೂರು ವಯಸ್ಸು. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ತಲೆ ತುಂಬ ಇಂಗ್ಲಿಷ್ ಪುಸ್ತಕ. ಬಿ.ಎಸ್ಸಿ. ಮಾಸ್ತರ ಎಂದರೆ ಊರಿಗೆ ನಾನೊಬ್ಬನೇ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನ್ನ ಕೊಡೆಯಂತೂ ಹಗಲೂ ರಾತ್ರಿ ಬಿಚ್ಚಿಯೇ ಇರುತ್ತಿತ್ತು.

ಊರ ಹೊರಗೆ ಹತ್ತಿ ಗಿರಣಿಯಿತ್ತು. ಸುಗ್ಗಿ ಬಂತೆಂದರೆ ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಹತ್ತಿಯ ಚಕ್ಕಡಿಗಳು ಸಾಲುಗಟ್ಟಿ ಬರುತ್ತಿದ್ದವು. ಗಿರಣಿ ನಡೆಯುತ್ತಿದ್ದದ್ದು ಹಬೆಯಿಂದ. ಹಬೆ ಹುಟ್ಟಿಸುವ ಬಾಯ್ಲರನ್ನು ನೋಡಿಕೊಳ್ಳುತ್ತಿದ್ದವನೇ ನಾನು ಈಗ ನೆನೆಯುತ್ತಿರುವ ಮೇಸ್ತ್ರಿ. ಸಿಂದಗಿಯ ಕಡೆಯ ಮುಸಲ್ಮಾನ, ಐವತ್ತರ ಆಸುಪಾಸು, ಮೊಣಕೈತನಕ ಸುಟ್ಟ ಕಲೆಗಳು. ಗಿರಣಿಯವರೆಲ್ಲ ಆತನನ್ನು ಚಾಚಾ ಅನ್ನುತ್ತಿದ್ದರು. ಪ್ರೀತಿಗಿಂತ ಅಂಜಿಕೆಯೇ ಆ ಕರೆಯಲ್ಲಿ ಹೆಚ್ಚಿತ್ತು.

ಆತ ಹೊಡೆಯುತ್ತಿದ್ದ. ಮಾತಿಗೆ ಮೊದಲು ಕೈ. ಒಲೆಗೆ ಕಟ್ಟಿಗೆ ಹಾಕಲು ಅಗರಖೇಡದ ಒಬ್ಬ ಆಳಿದ್ದ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಿಂದ ಅವನ ಕಣ್ಣು ಆಚೀಚೆ ಸರಿದರೆ ಬೆನ್ನಿಗೆ ಸಲಿಕೆಯ ಹಿಡಿ ಬೀಳುತ್ತಿತ್ತು. ಒಮ್ಮೆ ಆ ಆಳು, ಹಬೆ ಹೆಚ್ಚಾದಾಗ ತಾನಾಗಿ ತೆರೆದುಕೊಳ್ಳುವ ಮುಚ್ಚಳದ ಮೇಲೆ ತನ್ನ ಬುತ್ತಿಯ ಗಂಟು ಇಟ್ಟಿದ್ದನಂತೆ, ರೊಟ್ಟಿ ಬೆಚ್ಚಗಿರಲಿ ಎಂದು. ಮೇಸ್ತ್ರಿ ಅವನನ್ನು ಅಂಗಳದ ತುಂಬ ಅಟ್ಟಾಡಿಸಿ, ಕೆಡವಿ, ಎದೆಯ ಮೇಲೆ ಕೂತು ಬಾರಿಸಿದ. ಹಲ್ಲು ಮುರಿಯಿತು. ರಕ್ತ ಒರೆಸಿಕೊಳ್ಳುತ್ತ ಎದ್ದ ಆಳು ಮರುದಿನ ಮತ್ತೆ ಅದೇ ಒಲೆಯ ಮುಂದೆ ಹಾಜರು. “ಚಾಚಾ ಹೊಡದ್ರ ಹಲ್ಲ ಹೋಗ್ತಾವು, ಬಾಯ್ಲರ್ ಹೊಡದ್ರ ಹೆಣಾನೂ ಸಿಗಂಗಿಲ್ರಿ” ಎಂದು ನನ್ನೆದುರು ಬೋಳು ವಸಡು ತೋರಿಸಿ ನಕ್ಕಿದ್ದ.

ಮೇಸ್ತ್ರಿ ಸೊಲ್ಲಾಪುರದ ಯಾವುದೋ ಗಿರಣಿಯಲ್ಲಿ ಕೆಲಸ ಕಲಿತವನು. ಅಲ್ಲಿ ಬಾಯ್ಲರ್ ಸಿಡಿದು ಆತನ ಸ್ವಂತ ಅಣ್ಣ ಸತ್ತಿದ್ದನಂತೆ. ಅದನ್ನು ಆತ ಹೇಳಿಕೊಳ್ಳುತ್ತಿರಲಿಲ್ಲ. ಅವರಿವರು ಹೇಳಿದ್ದು.

ಇಂಡಿಯ ಬಾವಿಗಳ ನೀರು ಸವಳು. ಕಾಯಿಸಿದರೆ ಪಾತ್ರೆಗೆ ಸುಣ್ಣ ಕಟ್ಟುತ್ತದೆ. ಬಾಯ್ಲರಿಗೂ ಕಟ್ಟುತ್ತಿತ್ತು, ವರ್ಷಕ್ಕೊಮ್ಮೆ ಒಳಗಿಳಿದು ಉಳಿ ಹಿಡಿದು ಕೆತ್ತಬೇಕಾಗುತ್ತಿತ್ತು. ಗಿರಣಿಯ ಸಾವ್ಕಾರರು ಮುಂಬಯಿಗೆ ಹೋಗಿ ಹೊಸ ಬಾಯ್ಲರ್ ತಂದರು, ಅದರ ಜೊತೆಗೆ ಕೆಲಸ ಮುಗಿಸಿದ ಹಬೆಯನ್ನು ತಣಿಸಿ ಮತ್ತೆ ನೀರು ಮಾಡುವ ಯಂತ್ರವನ್ನೂ ತಂದರು. ಆ ನೀರು ನೋಡಬೇಕಿತ್ತು! ಉಪ್ಪಿಲ್ಲ, ಸುಣ್ಣವಿಲ್ಲ, ಬಣ್ಣವಿಲ್ಲ. ಅದನ್ನು ತುಂಬಿಡುವ ಕಲ್ಲಿನ ಹೌದಿನ ತಳದಲ್ಲಿ ಬಿದ್ದ ಸೂಜಿಯೂ ಕಾಣುತ್ತಿತ್ತು. ಸಾವ್ಕಾರರು ಬಂದವರನ್ನೆಲ್ಲ ಕರೆದೊಯ್ದು ಆ ಹೌದು ತೋರಿಸುತ್ತಿದ್ದರು.

ಆದರೆ ಮೇಸ್ತ್ರಿ ಅಂಥ ನೀರನ್ನು ಹಾಗೇ ಬಾಯ್ಲರಿಗೆ ಬಿಡಲು ಒಪ್ಪಲಿಲ್ಲ. ಆತನದೊಂದು ಪದ್ಧತಿಯಿತ್ತು. ಬಾಯಿ ತೆರೆದ ಕಬ್ಬಿಣದ ತೊಟ್ಟಿಯೊಂದರಲ್ಲಿ ನೀರನ್ನು ಮೊದಲು ಕೊತಕೊತ ಕುದಿಸುವುದು. ಜಾಲಿಯ ತೊಗಟೆ ಜಜ್ಜಿ, ಗೋಣಿಚೀಲದಲ್ಲಿ ಕಟ್ಟಿ, ಅದರೊಳಗೆ ಇಳಿಬಿಡುವುದು. ಚಹಾದಂತೆ ಕೆಂಪಾದ ಆ ನೀರನ್ನು ಆರಗೊಡದೆ ಬಿಸಿಬಿಸಿಯಾಗಿಯೇ ಬಾಯ್ಲರಿಗೆ ಊಡುವುದು. ಹೊಸ ಬಾಯ್ಲರಿಗೆ ರಾಡಿಯಂಥ ನೀರು ಹೋಗುವುದನ್ನು ಕಂಡು ಸಾವ್ಕಾರರ ಜೀವ ಒದ್ದಾಡಿತು. ನನ್ನನ್ನು ಕರೆಸಿದರು.

“ಮಾಸ್ತರ, ನೀವು ಕಲತವ್ರು. ಗಂಗಾಜಲದಂಥಾ ನೀರಿಗೆ ಇಂವಾ ಜಾಲಿ ಚಕ್ಕಿ ಹಾಕಾಕತ್ತಾನ. ಇದು ಖರೇನ ಬೇಕೇನ್ರಿ?”

ಹಿರಿಯರು ಕುರ್ಚಿ ಹಾಕಿ ಕೇಳಿದರು. ನನಗೆ ಅಷ್ಟು ಸಾಕಾಯಿತು. “ನೋಡಿ ಹೇಳ್ತೇನ್ರಿ” ಎಂದು ಸಾಲೆಯಿಂದ ಎರಡು ಗಾಜಿನ ಬಾಟಲಿ ತಂದೆ. ಒಂದರಲ್ಲಿ ಸವಳು ನೀರು, ಒಂದರಲ್ಲಿ ಯಂತ್ರದ ಶುದ್ಧ ನೀರು. ಪುಸ್ತಕದಲ್ಲಿ ಇದ್ದಂತೆ ಶುದ್ಧ ನೀರನ್ನು ಒಮ್ಮೆ ಚೆನ್ನಾಗಿ ಕುದಿಸಿ, ಬಿಗಿಯಾಗಿ ಬೂಚು ಬಡಿದು, ತಣ್ಣಗಾಗಲು ಬಿಟ್ಟಿದ್ದೆ. ಎರಡರಲ್ಲೂ ಒಂದೊಂದು ಹೊಳೆಯುವ ಮೊಳೆ. ಎಂಟು ದಿನ ಸಾವ್ಕಾರರ ಮೇಜಿನ ಮೇಲಿಟ್ಟೆವು. ಸವಳು ನೀರಿನ ಮೊಳೆ ಕೆಂಪಗಾಗಿ ಉದುರತೊಡಗಿತು. ಶುದ್ಧ ನೀರಿನ ಮೊಳೆ ಅಂಗಡಿಯಿಂದ ಈಗಷ್ಟೇ ತಂದಂತಿತ್ತು.

“ಶುದ್ಧ ನೀರು ಕಬ್ಬಿಣಾನ ಮುಟ್ಟಂಗಿಲ್ರಿ. ತೊಗಟಿ ಬ್ಯಾಡ, ತೊಟ್ಟಿ ಬ್ಯಾಡ, ಸೀದಾ ಬಿಡ್ರಿ” ಎಂದು ತೀರ್ಪು ಕೊಟ್ಟೆ. ಅಯ್ಯೋ ನನ್ನ ಬುದ್ಧಿಗಿಷ್ಟು... ಪುಸ್ತಕ ಕುದಿಸು ಅಂದಿತ್ತು, ಕುದಿಸಿದೆ. ಯಾಕೆ ಕುದಿಸಬೇಕು ಎಂದು ಒಂದು ಸಲ, ಒಂದೇ ಒಂದು ಸಲ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಮೇಸ್ತ್ರಿ ತನ್ನ ತೊಟ್ಟಿಯಲ್ಲಿ ಮಾಡುತ್ತಿದ್ದದ್ದನ್ನೇ ನಾನು ಬಾಟಲಿಯಲ್ಲಿ ಮಾಡಿ, ಆತನ ಪದ್ಧತಿ ಸುಳ್ಳೆಂದು ಸಾರಿಬಂದಿದ್ದೆ.

ಮರುದಿನ ಮಧ್ಯಾಹ್ನ ಆತ ಸಾಲೆಗೇ ಬಂದ. ನಾನು ಒಂಬತ್ತನೆಯ ಇಯತ್ತೆಗೆ ಪಾಠ ಮಾಡುತ್ತಿದ್ದೆ. ಕೇಳದೆ ಕೊಠಡಿಯೊಳಗೆ ಬಂದವನು ಮೊದಲು ಮೆತ್ತಗೇ ಮಾತಾಡಿದ.

“ಮಾಸ್ತರ, ನೀರಿನಾಗ ಉಸುರು ಇರ್ತೈತ್ರಿ. ತಣ್ಣಗಿದ್ದಾಗ ಮಲಗಿರ್ತೈತಿ. ಬಿಸಿ ತಾಕ್ತಂದ್ರ ಏಳ್ತೈತಿ. ಬಾಗ್ಲಾ ತೆರದಿದ್ರ ಹೊರಗ ಹೋಗ್ತೈತಿ, ಮುಚ್ಚಿದ್ರ ಗ್ವಾಡಿ ಕಡೀತೈತಿ. ಅದಕ್ಕ ನಾ ತೊಟ್ಯಾಗ ಕುದಿಸಿ ಉಸುರು ತಗೀತೇನಿ. ಉಳದದ್ದನ್ನ ಜಾಲಿ ಚಕ್ಕಿ ನುಂಗ್ತೈತಿ. ನಿಮ್ಮ ಮೊಳಿ ತಣ್ಣೀರಾಗಿತ್ತು. ಬಿಸಿನೀರಾಗ ಇಟ್ಟು ನೋಡ್ರಿ ಒಮ್ಮಿ.”

ಹುಡುಗರೆಲ್ಲ ನನ್ನ ಮುಖ ನೋಡುತ್ತಿದ್ದರು. ಓದು ಬಾರದ ಮನುಷ್ಯ ನನ್ನ ಕ್ಲಾಸಿನಲ್ಲಿ ನನಗೆ ಪಾಠ ಹೇಳುವುದೇ! ನಾನು ನಕ್ಕೆ. “ಚಾಚಾ, ನೀರಿಗೆ ಉಸುರು ಇದ್ರ ಅದಕ್ಕ ಕೆಮ್ಮೂ ಬರ್ತಿರಬೇಕಲ್ಲ?” ಎಂದೆ. ಹುಡುಗರು ಹೋ ಎಂದು ನಕ್ಕರು.

ಕಪಾಳಕ್ಕೆ ಬಿದ್ದ ಏಟಿಗೆ ನಾನು ಹಲಗೆಗೆ ಹೋಗಿ ಬಡಿದುಕೊಂಡೆ. ಕನ್ನಡಕ ಚೂರಾಯಿತು, ಕಿವಿಯಲ್ಲಿ ಗುಂಯ್ ಎಂಬ ಸದ್ದು ಮೂರು ದಿನ ನಿಲ್ಲಲಿಲ್ಲ. “ನಗಾಕತ್ತೀ? ಅಲ್ಲಿ ಜೀವಾ ಇರೂ ಮಂದಿ ನಿಂತಾರ!” ಎಂದು ಚೀರಿ ಆತ ಹೊರಟುಹೋದ.

ಸುದ್ದಿ ಸಾವ್ಕಾರರಿಗೆ ಮುಟ್ಟಿತು. ಸಂಜೆ ಗಿರಣಿ ಬಿಡುವ ಹೊತ್ತಿಗೆ ಅವರ ಇಬ್ಬರು ಆಳುಗಳು ಮೇಸ್ತ್ರಿಯನ್ನು ಅಂಗಳದ ಬೇವಿನ ಗಿಡಕ್ಕೆ ಒತ್ತಿ ಹಿಡಿದು, ಯಂತ್ರದಿಂದ ಬಿಚ್ಚಿಟ್ಟ ಚರ್ಮದ ಪಟ್ಟಾದಿಂದ ಹೊಡೆದರು. ನನ್ನನ್ನು ಕರೆಸಿ ನಿಲ್ಲಿಸಿದ್ದರು. ಅಂಗಿ ಹರಿದು ಬೆನ್ನಿನ ಚರ್ಮ ಎದ್ದು ಬರುವವರೆಗೆ ಹೊಡೆದರು. ಸಾಕು ಎನ್ನಲು ನನಗೆ ಬಾಯಿತ್ತು. ನಾನು ಎನ್ನಲಿಲ್ಲ. ಸುಳ್ಳೇಕೆ ಹೇಳಲಿ, ಪ್ರತಿ ಏಟಿಗೂ ನನ್ನ ಕೆನ್ನೆಯ ಉರಿ ಒಂದಿಷ್ಟು ಇಳಿದಂತೆ ಅನಿಸುತ್ತಿತ್ತು.

ಆತನನ್ನು ಕೆಲಸದಿಂದ ಬಿಡಿಸುವಂತಿರಲಿಲ್ಲ. ಬಾಯ್ಲರ್ ನಡೆಸುವ ಸರಕಾರಿ ಸರ್ಟಿಫಿಕೇಟು ಸುತ್ತಮುತ್ತ ಆತನಿಗೊಬ್ಬನಿಗೇ ಇತ್ತು. ತೊಟ್ಟಿಯನ್ನು ಮಾತ್ರ ಕಿತ್ತು ಹಾಕಿದರು. ಕನ್ನಡಿಯಂಥ ತಣ್ಣೀರು ಸೀದಾ ಬಾಯ್ಲರಿಗೆ ಹೋಗತೊಡಗಿತು. ಆ ಸುಗ್ಗಿ ಕಳೆಯಿತು, ಮತ್ತೊಂದು ಬಂತು. ಸುಣ್ಣದ ಒಂದು ಚಕ್ಕೆಯೂ ಕಟ್ಟಲಿಲ್ಲವೆಂದು ಸಾವ್ಕಾರರು ನನಗೆ ಶಾಲು ಹೊದಿಸಿದರು. ಮೇಸ್ತ್ರಿ ಪ್ರತಿ ಶುಕ್ರವಾರ ನಮಾಜಿಗೆ ಹೋಗುವ ಮೊದಲು ಸಣ್ಣ ಸುತ್ತಿಗೆಯಿಂದ ಬಾಯ್ಲರಿನ ಮೈ ಬಡಿದು, ಕಿವಿ ಕೊಟ್ಟು ಕೇಳುತ್ತಿದ್ದನಂತೆ. “ದನಿ ಬದಲಾಗೇತ್ರಿ. ಬಂದ್ ಮಾಡಿ ಒಳಗ ನೋಡೂಣು” ಎಂದು ಸಾವ್ಕಾರರ ಕಾಲು ಹಿಡಿದನಂತೆ. ಹೊಡೆಸಿದವರ ಕಾಲು! ಸುಗ್ಗಿ ಮುಗಿಯಲಿ ಎಂದರು. ಒಮ್ಮೆ ದಾರಿಯಲ್ಲಿ ನನ್ನನ್ನೂ ತಡೆದು ಅದನ್ನೇ ಹೇಳಲು ಬಂದ. ನಾನು ಸೈಕಲ್ ನಿಲ್ಲಿಸಲಿಲ್ಲ.

ಬಾಯ್ಲರ್ ಸಿಡಿದದ್ದು ಬೆಳಗಿನ ಹತ್ತರ ಸುಮಾರಿಗೆ. ಹಾಜರಿ ಕರೆಯುತ್ತಿದ್ದೆ, ಕಿಟಕಿಯ ಗಾಜುಗಳೆಲ್ಲ ಒಮ್ಮೆಲೇ ಒಳಗೆ ಬಂದು ಬಿದ್ದವು. ಓಡಿದೆ. ಗಿರಣಿಯ ತಗಡುಗಳು ಬೇವಿನ ಗಿಡದ ಮೇಲೆ ಬಟ್ಟೆಯಂತೆ ಜೋತಾಡುತ್ತಿದ್ದವು. ಬಿಳಿ ಹಬೆ, ಅದರೊಳಗೆ ಉರಿಯುವ ಹತ್ತಿ, ಅದರೊಳಗಿಂದ ಮನುಷ್ಯರ ಕೂಗು. ಮೇಸ್ತ್ರಿ ಆ ಹಬೆಯೊಳಗಿಂದ ಅಗರಖೇಡದ ಆಳನ್ನು ಎಳೆದು ತರುತ್ತಿದ್ದ. ರಟ್ಟೆ ಹಿಡಿದು ಎಳೆದರೆ ಚರ್ಮ ಕೈಗವಸಿನಂತೆ ಕಳಚಿ ಆತನ ಕೈಯಲ್ಲೇ ಬಂತು. ಮತ್ತೆ ಸೊಂಟ ಹಿಡಿದ, ಅಲ್ಲೂ ಅಷ್ಟೇ. ಆಳು ಕೂಗಲಿಲ್ಲ. “ಚಾಚಾ, ನಾ ಗ್ಲಾಸ್ ನೋಡಾಕತ್ತಿದ್ನಿ... ನೀರ ಬರೋಬ್ಬರಿತ್ತು ಚಾಚಾ” ಎಂದ. ಏಟು ಬೀಳುತ್ತದೆ ಎಂದು ಆಗಲೂ ಹೆದರಿದ್ದನೋ ಏನೋ. “ಇತ್ತಪಾ, ಬರೋಬ್ಬರಿತ್ತು. ನಿಂದೇನ್ ತಪ್ಪಿಲ್ಲ” ಎನ್ನುತ್ತ ಮೇಸ್ತ್ರಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಅವನು ಅಲ್ಲೇ ಸತ್ತ.

ಆಮೇಲೆ ಯಾರೋ ಒಬ್ಬ ಕೂಗಿದ. “ಪಟ್ಟಾದ ಏಟಿನ ಸೇಡು ತೀರಿಸ್ಕೊಂಡ್ನೋ ಸೂಳೀಮಗ!” ಅಷ್ಟೇ ಬೇಕಾಗಿತ್ತು. ಹತ್ತಿಯ ಅಂಡಿಗೆಗೆ ಕಟ್ಟುವ ಕಬ್ಬಿಣದ ಪಟ್ಟಿಗಳು, ಕಟ್ಟಿಗೆ, ಕಲ್ಲು, ಕೈಗೆ ಸಿಕ್ಕಿದ್ದರಲ್ಲಿ ಹೊಡೆದರು. ಹೊಡೆದವರಲ್ಲಿ ಆತನ ಓಣಿಯವರೂ ಇದ್ದರು, ಸತ್ತವನ ತಮ್ಮಂದಿರೂ ಇದ್ದರು. ಆತ ಸತ್ತವನ ತಲೆಯನ್ನು ತೊಡೆಯಿಂದ ಇಳಿಸಲಿಲ್ಲ, ಕೈಯನ್ನೂ ಅಡ್ಡ ತರಲಿಲ್ಲ. ಒಂದು ಪಟ್ಟಿಯ ತುದಿ ಎಡಗಣ್ಣಿಗೆ ಬಿತ್ತು. ನಾನು ಹದಿನೈದು ಮಾರು ದೂರದಲ್ಲಿ ನಿಂತಿದ್ದೆ. ‘ನೀರು ಬಿಡಿಸಿದವ ನಾನು’ ಎಂದು ಕೂಗಬಹುದಿತ್ತು. ನನಗೆ ಬೀಳಬಹುದಾದ ಏಟುಗಳ ಲೆಕ್ಕ ಹಾಕುತ್ತ ನಿಂತೆ. ಪೊಲೀಸರು ಬಂದ ಮೇಲೆ ಜನ ಚದುರಿದರು.

ಸಾಲೆಗೆ ಎರಡು ದಿನ ಸೂಟಿ ಕೊಟ್ಟರು. ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡು ನಾನು ಮೂರು ಬಾಟಲಿ ಜೋಡಿಸಿದೆ. ಮೂರರಲ್ಲೂ ಅದೇ ಹೌದಿನ ಶುದ್ಧ ನೀರು, ಒಂದೊಂದು ಮೊಳೆ. ಒಂದನ್ನು ತಣ್ಣಗೇ ಇಟ್ಟೆ. ಒಂದನ್ನು ಬಾಯಿ ತೆರೆದು ಚೆನ್ನಾಗಿ ಕುದಿಸಿ ಆಮೇಲೆ ಬೂಚು ಹಾಕಿದೆ. ಮೂರನೆಯದನ್ನು ಕುದಿಸದೆ, ಬೂಚು ಬಡಿದು, ಸ್ಪಿರಿಟ್ ದೀಪದ ಸಣ್ಣ ಉರಿಯಲ್ಲಿ ಬಿಸಿಯಾಗಿಯೇ ಇರಿಸಿದೆ, ಆಗಾಗ ನೀರು ಬದಲಿಸುತ್ತ ಬಂದೆ. ಎರಡನೆಯ ದಿನ ಮಧ್ಯಾಹ್ನಕ್ಕೆ ಮೂರನೆಯ ಬಾಟಲಿಯ ಮೊಳೆ ಕಂದುಗೆಂಪಾಗಿತ್ತು. ತಣ್ಣೀರಿನದು ಅಲ್ಲಲ್ಲಿ ಚುಕ್ಕೆ ಹಿಡಿದಿತ್ತು. ಕುದಿಸಿ ಮುಚ್ಚಿದ್ದರಲ್ಲಿ ಮೊಳೆ ಹೊಳೆಯುತ್ತಿತ್ತು.

ಈಗ ಯಾವ ಮಗುವಿಗೂ ತಿಳಿಸಬಲ್ಲೆ. ನೀರಿನಲ್ಲಿ ಕರಗಿದ ಗಾಳಿ ಕಬ್ಬಿಣವನ್ನು ತಿನ್ನುತ್ತದೆ. ನೀರು ಬಿಸಿಯಾದಷ್ಟೂ ಅದರ ಹಸಿವು ಹೆಚ್ಚು. ತೆರೆದ ಪಾತ್ರೆಯಾದರೆ ಕುದಿಯ ಹತ್ತಿರ ಬಂದಂತೆ ಗಾಳಿ ಹಾರಿಹೋಗಿ ತಿನ್ನುವುದು ನಿಲ್ಲುತ್ತದೆ. ಮುಚ್ಚಿದ ಬಾಯ್ಲರಿನಲ್ಲಿ ಅದಕ್ಕೆ ಹೊರಗೆ ಹೋಗುವ ದಾರಿಯಿಲ್ಲ, ಕಾವೇರಿದಂತೆ ಕಡಿತವೂ ಏರುತ್ತದೆ. ಸವಳು ನೀರಾದರೆ ಸುಣ್ಣದ ಪದರವಾದರೂ ಕಬ್ಬಿಣಕ್ಕೆ ಮುಸುಕು ಹಾಕುತ್ತಿತ್ತು. ಶುದ್ಧ ನೀರಿಗೆ ಆ ಮುಸುಕೂ ಇಲ್ಲ. ಮೇಸ್ತ್ರಿ ಉಸಿರು ಅಂದದ್ದು ಇದನ್ನೇ. ಅಂದು ಬೂಚು ಬಡಿದ ಬಾಟಲಿಯ ಮುಂದೆ ಕೂತು ನಾನು ಗಟ್ಟಿಯಾಗಿ ಅತ್ತೆ.

ಅತ್ತದ್ದಷ್ಟೇ ಬಂತು. ನಾಲ್ಕು ದಿನದ ಮೇಲೆ ವಿಚಾರಣೆಗೆ ಸರಕಾರದ ಸಾಹೇಬರು ಬಂದರು. ಸಾವ್ಕಾರರ ಹೇಳಿಕೆ ಆಗಲೇ ಆಗಿತ್ತು: ತಾವು ಬೇಡವೆಂದರೂ ಮೇಸ್ತ್ರಿ ಕದ್ದುಮುಚ್ಚಿ ಜಾಲಿ ತೊಗಟೆಯ ರಸ ಹಾಕಿ ಹೊಸ ಬಾಯ್ಲರ್ ಕೆಡಿಸಿದ. ದವಾಖಾನೆಯಿಂದ ಮೇಸ್ತ್ರಿಯನ್ನು ತಂದು ನೆಲಕ್ಕೆ ಕೂರಿಸಿದ್ದರು. ಮುಖದ ಅರ್ಧ ಪಟ್ಟಿಯೊಳಗೆ, ಎರಡೂ ಕೈ ಪಟ್ಟಿಯೊಳಗೆ. ಉಳಿದ ಒಂದು ಕಣ್ಣು ನನ್ನ ಮೇಲೆ.

“ಮಾಸ್ತರ, ನೀವು ವಿಜ್ಞಾನ ಬಲ್ಲವ್ರು. ಆ ತೊಗಟಿ ರಸ ಕಬ್ಬಿಣಕ್ಕ ಕೇಡು ಮಾಡ್ತೈತೇನು?” ಎಂದು ಸಾಹೇಬರು ಕೇಳಿದರು.

ಸಾಲೆಗೆ ಜಾಗ ಕೊಟ್ಟವರು ಸಾವ್ಕಾರರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹೊರಗೆ ಸತ್ತವನ ತಮ್ಮಂದಿರು ನಿಂತಿದ್ದರು.

“ಮಾಡಬಹುದ್ರಿ” ಎಂದೆ.

ಒಂದೇ ಮಾತು. ಆತನ ಸರ್ಟಿಫಿಕೇಟು ಹೋಯಿತು, ಮೇಲೆ ವರ್ಷಕ್ಕೂ ಮಿಕ್ಕಿ ಜೈಲಾಯಿತು. ನಾನು ಕಾಯಂ ಆದೆ.

ಮುಂದೆ ಮುದ್ದೇಬಿಹಾಳಕ್ಕೆ ವರ್ಗವಾಯಿತು, ಮದುವೆಯಾಯಿತು, ಮಕ್ಕಳಾದವು. ಆ ಒಂದು ಮಾತು ಮಾತ್ರ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಉಗುಳದೆ ಬದುಕಲಾರೆ ಎನಿಸಿದಾಗ ಎಂಟೊಂಬತ್ತು ವರ್ಷ ಕಳೆದಿದ್ದವು. ಆತ ತಾಂಬಾದಲ್ಲಿ ಮಗಳ ಮನೆಯಲ್ಲಿದ್ದಾನೆಂದು ಗೊತ್ತುಮಾಡಿಕೊಂಡು ಒಂದು ರವಿವಾರ ಹೋದೆ. ಮನೆಯ ಕಟ್ಟೆಯ ಮೇಲೆ ಕೂತು ಯಾರದೋ ಗಾಳಿ ಹೊಡೆಯುವ ಸೀಮೆಎಣ್ಣೆ ಸ್ಟವ್ ರಿಪೇರಿ ಮಾಡುತ್ತಿದ್ದ. ಬೆರಳುಗಳು ಪೂರಾ ಮಡಚುತ್ತಿರಲಿಲ್ಲ. ಗುರುತು ಹಿಡಿದು, “ಬರ್ರಿ ಮಾಸ್ತರ” ಎಂದು ಗೋಣಿ ಹಾಸಿದ, ಮಗಳಿಗೆ ಚಹಾ ಮಾಡಲು ಹೇಳಿದ.

ನಾನು ಬಾಯಿ ಬಿಡುವ ಮೊದಲೇ ಆತನೇ ಮಾತು ತೆಗೆದ.

“ಯಾಕ ಬಂದೀರಿ ಅಂತ ತಿಳೀತ್ರಿ. ಮನಸಿಗೆ ಹಚ್ಕೋಬ್ಯಾಡ್ರಿ. ಗೊತ್ತಿಲ್ಲದ ಮನಶ್ಯಾ ತಪ್ಪ ಮಾಡ್ತಾನ. ನೀವರ ಏನ್ ಮಾಡ್ತೀರಿ, ಸಣ್ಣ ವಯಸ್ಸು, ಪುಸ್ತಕದಾಗ ಇದ್ದದ್ದು ಹೇಳಿದ್ರಿ. ನಾ ಯಾವಾಗೋ ಮಾಫ್ ಮಾಡೇನಿ. ಯಾರೂ ಬೇಕಂತ ಮಾಡ್ಲಿಲ್ಲ ಅಂದ್ಕೊಂಡು ಸುಮ್ಮ ಕುಂತೇನಿ. ಇಲ್ಲಂದ್ರ ಬದುಕಾಕ ಆಗ್ತಿತ್ತೇನ್ರಿ?”

ಅಲ್ಲಿಗೆ ಸುಮ್ಮನಿದ್ದು, ಚಹಾ ಕುಡಿದು, ಕೈಮುಗಿದು ಎದ್ದು ಬರಬಹುದಿತ್ತು. ಬರಲಿಲ್ಲ. ನನಗೆ ನನ್ನ ಮುಳ್ಳಿನದೇ ಚಿಂತೆ.

“ಗೊತ್ತಿತ್ತು ಚಾಚಾ” ಎಂದೆ. “ಸಾಹೇಬ್ರು ಕೇಳೂಕಿಂತ ಮೊದ್ಲ ಬಿಸಿನೀರಾಗ ಮೊಳಿ ಇಟ್ಟು ನೋಡಿದ್ನಿ. ನಿಮ್ಮ ಮಾತು ಖರೇ ಅಂತ ಗೊತ್ತಿದ್ದೂ ಹಂಗ ಹೇಳಿದ್ನಿ.”

ಆತನ ಕೈಯ ಪಾನಾ ನಿಂತಿತು. ಅದನ್ನು ಕೆಳಗಿಟ್ಟ. ಆಮೇಲೆ ಬಲಗೈ ಮೇಲೆದ್ದಿತು. ನಾನು ಮುಖ ಮುಂದೆ ಚಾಚಿದೆ. “ಹೊಡೀರಿ ಚಾಚಾ, ಕೊಲ್ರಿ ಬೇಕಾದ್ರ” ಎಂದೆ. ಆ ಏಟು ಬಿದ್ದಿದ್ದರೆ...

ಕೈ ಕೆಳಗಿಳಿಯಿತು.

“ನಾ ಹೊಡೀತಿದ್ದದ್ದು ಜೀವಾ ಉಳೀಲಿ ಅಂತ್ರಿ ಮಾಸ್ತರ. ಈಗ ನಿಮ್ಮನ್ನ ಹೊಡದು ಯಾರನ್ನ ಉಳಸ್ಲಿ? ಹೋಗ್ರಿ.”

ಮಗಳು ತಂದ ಚಹಾದ ಕಪ್ಪು ನಮ್ಮಿಬ್ಬರ ನಡುವೆ ಹಾಗೇ ಉಳಿಯಿತು. ಎದ್ದು ಬರುವಾಗ ತಿರುಗಿ ನೋಡಿದೆ. ಬಿಚ್ಚಿದ ಸ್ಟವ್ವನ್ನು ಮುಂದಿಟ್ಟುಕೊಂಡು ಆತ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ.

ಆಮೇಲೆ ಆತ ಕೆಲಸ ಮುಟ್ಟಲಿಲ್ಲವಂತೆ, ಯಾರೊಡನೆಯೂ ಮಾತಾಡಲಿಲ್ಲವಂತೆ. ಮಳೆಗಾಲಕ್ಕೆ ಮೊದಲೇ ತೀರಿಕೊಂಡ. ತಾಂಬಾದಿಂದ ಬಂದು ನಮ್ಮ ಸಾಲೆಗೆ ಸೇರಿದ ಹುಡುಗನೊಬ್ಬ ಹೇಳಿದಾಗಲೇ ನನಗೆ ತಿಳಿದದ್ದು. ಈಗ ಆ ಗಿರಣಿಯಿಲ್ಲ, ಸಾವ್ಕಾರರೂ ಇಲ್ಲ. ಎಂಬತ್ತು ದಾಟಿದ ನಾನಿದ್ದೇನೆ. ಆತನ ಕಣ್ಣು ತೆಗೆದವರು ಬೇರೆ, ಬೆನ್ನು ಸುಲಿದವರು ಬೇರೆ. ಯಾರೂ ಬೇಕಂತ ಮಾಡಲಿಲ್ಲ ಎಂದು ನಂಬಿ ಆತ ಹೇಗೋ ಬದುಕಿಕೊಂಡಿದ್ದ. ನನ್ನ ಎದೆ ಹಗುರ ಮಾಡಿಕೊಳ್ಳಲೆಂದು ಬಸ್ಸು ಹತ್ತಿ ಹೋಗಿ ಅದನ್ನೂ ಕಸಿದುಕೊಂಡು ಬಂದವನು ನಾನು.